ಇಮಾಂ ಗಜಾಲಿ: ಒಬ್ಬ ಉಪಾಧ್ಯಾಯನ ಆತ್ಮಶೋಧನೆ

ಕಾಸರಗೋಡಿನ ಕಡೆಯ ಶಾಲೆಗಳಲ್ಲಿ ಪಾಠ ಹೇಳುವ ನಮ್ಮಲ್ಲಿ ಅನೇಕರಿಗೆ ಒಂದು ದೃಶ್ಯ ಚೆನ್ನಾಗಿ ಪರಿಚಿತವಾದುದು. ಬೆಳಗಿನ ಹೊತ್ತು ಮದ್ರಸದ ಪಾಠ ಮುಗಿಸಿ, ಅಲ್ಲಿಯ ಪುಸ್ತಕಗಳನ್ನು ಮನೆಯಲ್ಲಿಟ್ಟು, ಅವಸರದಿಂದ ಒಂದಿಷ್ಟು ತಿಂದು, ಮಕ್ಕಳು ನಮ್ಮ ಶಾಲೆಯ ಗಂಟೆಗೆ ಓಡಿ ಬರುತ್ತಾರೆ. ಅವರ ಆ ಮೊದಲ ಪಾಠಶಾಲೆಯ ಹಿಂದೆ ಎಂತಹ ವಿದ್ಯಾಪರಂಪರೆಯಿದೆ, ಎಂತಹ ಗುರುಗಳು ಆ ದಾರಿಯಲ್ಲಿ ನಡೆದು ಹೋಗಿದ್ದಾರೆ ಎಂಬುದನ್ನು ನಾವು ವಿಚಾರಿಸಿದ್ದು ಕಡಮೆ. ತರಬೇತಿಯ ದಿನಗಳಲ್ಲಿ ರೂಸೋ, ಪೆಸ್ಟಲಾಜಿ, ಫ್ರೋಬೆಲರ ಹೆಸರುಗಳನ್ನು ನಾವು ಕಂಠಪಾಠ ಮಾಡಿದ್ದೇವೆ. ಅವರಿಗಿಂತ ಆರೇಳು ಶತಮಾನ ಮುಂಚೆಯೇ, ಮಗುವಿಗೆ ಆಟ ಬೇಕೆಂದೂ, ಗುರುವಾದವನು ತನ್ನ ಉದ್ದೇಶವನ್ನು ಮೊದಲು ಪರೀಕ್ಷಿಸಿಕೊಳ್ಳಬೇಕೆಂದೂ ಬರೆದಿಟ್ಟ ಒಬ್ಬ ಉಪಾಧ್ಯಾಯರು ಪರ್ಷಿಯಾ ದೇಶದಲ್ಲಿ ಆಗಿಹೋದರು. ಅಬೂ ಹಾಮಿದ್ ಮುಹಮ್ಮದ್ ಅಲ್ ಗಜಾಲಿ ಎಂಬುದು ಅವರ ಹೆಸರು. ಅವರ ಜೀವನವನ್ನೂ, ಅವರು ಬಿಟ್ಟುಹೋದ ಪ್ರಭಾವವನ್ನೂ, ಆ ಪ್ರಭಾವದ ಮೇಲೆ ಬಂದಿರುವ ಆಕ್ಷೇಪಗಳನ್ನೂ ನಮ್ಮ ಶಕ್ತ್ಯನುಸಾರ ಇಲ್ಲಿ ಪರಿಶೀಲಿಸಬೇಕೆಂದಿದ್ದೇವೆ.

ತೂಸ್ ಪಟ್ಟಣದ ಬಾಲಕ

ಇಂದಿನ ಇರಾನಿನ ಮಶ್ಹದ್ ನಗರದ ಸಮೀಪದಲ್ಲಿ ತೂಸ್ ಎಂಬ ಪಟ್ಟಣವಿದ್ದಿತು. 'ಷಾಹನಾಮೆ'ಯ ಕವಿ ಫಿರ್ದೌಸಿಯ ಊರು ಅದೇ. ಆ ಸೀಮೆಯಲ್ಲಿ ಗಜಾಲಿಯವರು ಹುಟ್ಟಿದುದು ಕ್ರಿ. ಶ. ೧೦೫೮ರಲ್ಲಿ ಎಂಬುದು ರೂಢಿಯ ಲೆಕ್ಕ. ಅದಕ್ಕಿಂತ ಎರಡು ಮೂರು ವರ್ಷ ಮುಂಚೆ ಇರಬಹುದೆಂದು ಈಚಿನ ಕೆಲವು ವಿದ್ವಾಂಸರ ಅಭಿಪ್ರಾಯ. ತಂದೆ ಹೆಚ್ಚು ಓದಿದವರಲ್ಲ. ಮರಣಕಾಲ ಸಮೀಪಿಸಿದಾಗ ಅವರು ತಮ್ಮಲ್ಲಿದ್ದ ಅಲ್ಪ ಹಣವನ್ನು ಒಬ್ಬ ಸೂಫೀ ಮಿತ್ರರ ಕೈಗೆ ಕೊಟ್ಟು, ತಮಗೆ ದಕ್ಕದ ವಿದ್ಯೆ ತಮ್ಮ ಇಬ್ಬರು ಗಂಡುಮಕ್ಕಳಿಗಾದರೂ ದಕ್ಕುವಂತೆ ಮಾಡಬೇಕೆಂದು ಬೇಡಿಕೊಂಡರೆಂದು ಚರಿತ್ರಕಾರರು ಹೇಳುತ್ತಾರೆ. ಹಣ ಬಹುಕಾಲ ಬರಲಿಲ್ಲ. ಆ ಮಿತ್ರರೂ ಬಡವರು. ಮದ್ರಸವೊಂದನ್ನು ಸೇರಿದರೆ ಅಲ್ಲಿ ಊಟ ವಸತಿ ದೊರೆಯುವುದೆಂದು ಅವರು ಹುಡುಗರಿಗೆ ದಾರಿ ತೋರಿಸಿದರು. ಹೀಗೆ ಮಧ್ಯಯುಗದ ಇಸ್ಲಾಮೀ ಜಗತ್ತಿನ ಒಬ್ಬ ಮಹಾಪಂಡಿತರ ವಿದ್ಯಾಭ್ಯಾಸ ಅನ್ನಕ್ಕಾಗಿ ಆರಂಭವಾಯಿತು. ತಾವು ವಿದ್ಯೆಯನ್ನು ದೇವರಿಗಾಗಿ ಅರಸಿ ಹೊರಟವರಲ್ಲವೆಂದೂ, ಆದರೆ ವಿದ್ಯೆಯು ದೇವರದಲ್ಲದೆ ಬೇರೆಯವರದಾಗಲು ಒಪ್ಪಲಿಲ್ಲವೆಂದೂ ಗಜಾಲಿಯವರು ಮುಂದೆ ಹೇಳುತ್ತಿದ್ದರಂತೆ.

ಅವರ ವಿದ್ಯಾರ್ಥಿ ದೆಸೆಯ ಒಂದು ಕಥೆ ಪ್ರಸಿದ್ಧವಾಗಿದೆ. ಜುರ್ಜಾನ್ ಪಟ್ಟಣದಲ್ಲಿ ಗುರುಗಳಿಂದ ಕೇಳಿ ಬರೆದುಕೊಂಡ ಟಿಪ್ಪಣಿಗಳ ಗಂಟನ್ನು ಹೊತ್ತು ಅವರು ಊರಿಗೆ ಹಿಂತಿರುಗುತ್ತಿದ್ದರು. ದಾರಿಯಲ್ಲಿ ದರೋಡೆಕೋರರು ಸರ್ವಸ್ವವನ್ನೂ ಕಸಿದುಕೊಂಡರು. ಹುಡುಗ ಬೆನ್ನು ಬಿಡದೆ ಹೋಗಿ, ಬೇರೇನೂ ಬೇಡ, ನನ್ನ ಟಿಪ್ಪಣಿಗಳನ್ನು ಮಾತ್ರ ಕೊಡಿ, ನನ್ನ ವಿದ್ಯೆಯೆಲ್ಲ ಅದರಲ್ಲಿದೆ ಎಂದು ಅಂಗಲಾಚಿದನು. ಕಳ್ಳರ ನಾಯಕ ನಕ್ಕುಬಿಟ್ಟ. ನಾವು ಕಸಿದೊಡನೆ ಇಲ್ಲವಾಗುವುದಾದರೆ ಅದು ನಿನ್ನ ವಿದ್ಯೆ ಹೇಗಾದೀತು ಎಂದು ಕೇಳಿ ಗಂಟನ್ನು ಹಿಂದಕ್ಕೆ ಕೊಡಿಸಿದ. ಊರು ಸೇರಿದ ಗಜಾಲಿಯವರು ಮೂರು ವರ್ಷ ಕುಳಿತು ಆ ಟಿಪ್ಪಣಿಗಳನ್ನೆಲ್ಲ ಮನನ ಮಾಡಿಕೊಂಡರು. ಪುಸ್ತಕದಲ್ಲಿರುವ ವಿದ್ಯೆಗೂ ಮನುಷ್ಯನಲ್ಲಿರುವ ವಿದ್ಯೆಗೂ ಇರುವ ಅಂತರವನ್ನು ಅವರಿಗೆ ಮೊದಲು ಕಲಿಸಿದವನು ಒಬ್ಬ ಕಳ್ಳನೆಂದು ಈ ಕಥೆಯ ತಾತ್ಪರ್ಯ. ಆ ಪ್ರಶ್ನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಅನಂತರ ಅವರು ನೀಷಾಪುರಕ್ಕೆ ಹೋಗಿ ಇಮಾಮುಲ್ ಹರಮೈನ್ ಎಂದು ಬಿರುದಾಂಕಿತರಾದ ಅಲ್ ಜುವೈನಿಯವರ ಶಿಷ್ಯರಾದರು. ಧರ್ಮಶಾಸ್ತ್ರ, ತರ್ಕ, ವಾದವಿದ್ಯೆ ಎಲ್ಲದರಲ್ಲಿಯೂ ಪಾರಂಗತರಾದರು. ೧೦೮೫ರಲ್ಲಿ ಗುರುಗಳು ತೀರಿಕೊಂಡ ಮೇಲೆ, ಸೆಲ್ಜೂಕ್ ಸುಲ್ತಾನರ ಮಹಾಮಂತ್ರಿ ನಿಜಾಮುಲ್ ಮುಲ್ಕನ ಬಿಡಾರವನ್ನು ಸೇರಿದರು. ವಿದ್ವಾಂಸರು ನೆರೆದು ವಾದ ಮಾಡುತ್ತಿದ್ದ ಆ ಸಭೆಯಲ್ಲಿ ತರುಣ ಗಜಾಲಿಯವರ ಹೆಸರು ಬೇಗನೆ ಮೇಲೆ ಬಂದಿತು.

ಬಗ್ದಾದಿನ ಪೀಠ

ನಿಜಾಮುಲ್ ಮುಲ್ಕನು ರಾಜ್ಯದ ಮುಖ್ಯ ನಗರಗಳಲ್ಲಿ ನಿಜಾಮಿಯಾ ಎಂಬ ವಿದ್ಯಾಶಾಲೆಗಳನ್ನು ಸ್ಥಾಪಿಸಿದ್ದನು. ೧೦೬೭ರಲ್ಲಿ ಬಗ್ದಾದಿನಲ್ಲಿ ಆರಂಭವಾದುದು ಅವುಗಳಲ್ಲಿ ಹೆಸರಾದುದು. ದತ್ತಿಯ ಆದಾಯದಿಂದ ಉಪಾಧ್ಯಾಯರಿಗೆ ಸಂಬಳ, ವಿದ್ಯಾರ್ಥಿಗಳಿಗೆ ಊಟ ವಸತಿ. ಅಲ್ಲಿ ಕಲಿತವರಿಗೆ ನ್ಯಾಯಾಧಿಕಾರಿಗಳ ಹುದ್ದೆ, ದತ್ತಿಗಳ ಮೇಲ್ವಿಚಾರಣೆ, ದರಬಾರಿನ ಗೌರವ. ವಿದ್ಯೆಗೆ ಅರಸೊತ್ತಿಗೆಯ ಆಶ್ರಯ ದೊರೆತಾಗ ಆಗುವ ಒಳಿತು ಕೆಡಕು ಎರಡೂ ಈ ಸಂಸ್ಥೆಗಳಲ್ಲಿ ಇದ್ದುವು. ೧೦೯೧ರಲ್ಲಿ, ಇನ್ನೂ ಮೂವತ್ತಮೂರರ ವಯಸ್ಸಿನ ಗಜಾಲಿಯವರನ್ನು ಮಂತ್ರಿಯು ಬಗ್ದಾದಿನ ಆ ಪೀಠಕ್ಕೆ ನಿಯಮಿಸಿದನು. ತಮ್ಮ ಬಳಿ ಮುನ್ನೂರು ವಿದ್ಯಾರ್ಥಿಗಳು ಪಾಠ ಕೇಳುತ್ತಿದ್ದರೆಂದು ಅವರೇ ಬರೆದಿದ್ದಾರೆ.

ಮರುವರ್ಷವೇ, ೧೦೯೨ರಲ್ಲಿ, ಆಶ್ರಯದಾತನಾದ ನಿಜಾಮುಲ್ ಮುಲ್ಕ್ ಕೊಲೆಯಾದನು. ಕೆಲವೇ ವಾರಗಳಲ್ಲಿ ಸುಲ್ತಾನ ಮಲಿಕ್ ಷಾಹನೂ ತೀರಿಕೊಂಡನು. ಸಿಂಹಾಸನಕ್ಕಾಗಿ ಅಂತಃಕಲಹ ಎದ್ದಿತು. ಹೊರಗೆ ಇಂತಹ ಅಲ್ಲೋಲಕಲ್ಲೋಲ ನಡೆದಿರುವಾಗ, ಪಾಠದಿಂದ ಬಿಡುವಾದ ವೇಳೆಯಲ್ಲಿ ಗಜಾಲಿಯವರು ಗುರುವಿನ ಸಹಾಯವಿಲ್ಲದೆ ತತ್ತ್ವಶಾಸ್ತ್ರವನ್ನು ಓದುತ್ತಿದ್ದರು. ಅರಿಸ್ಟಾಟಲನ ತರುವಾಯದ 'ಎರಡನೆಯ ಗುರು' ಎನಿಸಿದ ಅಲ್ ಫಾರಾಬಿ, ವೈದ್ಯಶಿರೋಮಣಿ ಇಬ್ನ್ ಸೀನಾ, ಇವರ ಗ್ರಂಥಗಳನ್ನು ಎರಡು ವರ್ಷಕ್ಕೆ ಮೀರದ ಅವಧಿಯಲ್ಲಿ ಅರಗಿಸಿಕೊಂಡು, ಮತ್ತೆ ಸುಮಾರು ಒಂದು ವರ್ಷ ಅದನ್ನೇ ಮಥಿಸುತ್ತಿದ್ದರು.

ತತ್ತ್ವಜ್ಞಾನಿಗಳೊಡನೆ ವಾದ

ಈ ಅಧ್ಯಯನದ ಸಂಬಂಧವಾಗಿ ಎರಡು ಗ್ರಂಥಗಳು ನಮ್ಮ ಲಕ್ಷ್ಯಕ್ಕೆ ಬರುತ್ತವೆ. 'ಮಖಾಸಿದುಲ್ ಫಲಾಸಿಫಾ' ಎಂದರೆ ತತ್ತ್ವಜ್ಞಾನಿಗಳ ಆಶಯಗಳು. ಇದು ಇಬ್ನ್ ಸೀನಾರ ಮತವನ್ನು ಖಂಡನೆಯಿಲ್ಲದೆ ನಿಷ್ಪಕ್ಷಪಾತವಾಗಿ ವಿವರಿಸುವ ಗ್ರಂಥ. ೧೦೯೫ರ ಆರಂಭದಲ್ಲಿ ಮುಗಿದ 'ತಹಾಫುತುಲ್ ಫಲಾಸಿಫಾ' ಎಂದರೆ ತತ್ತ್ವಜ್ಞಾನಿಗಳ ಅಸಂಗತಿ. ಎದುರಾಳಿಯ ಮತವನ್ನು ಅವನಷ್ಟೇ ಚೆನ್ನಾಗಿ ಅರಿಯದೆ ಖಂಡಿಸುವುದು ಕತ್ತಲಲ್ಲಿ ಬಾಣ ಬಿಟ್ಟಂತೆ ಎಂಬುದು ಅವರ ನಿಲುವಾಗಿತ್ತು. ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವನ್ನು ಮೊದಲು ಮಂಡಿಸಿ ಅನಂತರ ಸಿದ್ಧಾಂತಕ್ಕೆ ಬರುವುದನ್ನು ಬಲ್ಲ ವಾಚಕರಿಗೆ ಈ ಕ್ರಮ ಅಪರಿಚಿತವೆನಿಸಲಾರದು.

ಎರಡನೆಯ ಗ್ರಂಥದಲ್ಲಿ ಇಪ್ಪತ್ತು ಪ್ರಶ್ನೆಗಳನ್ನು ಎತ್ತಿಕೊಂಡು ಅವರು ತತ್ತ್ವಜ್ಞಾನಿಗಳನ್ನು ತರ್ಕದಿಂದಲೇ ಎದುರಿಸುತ್ತಾರೆ. ಬೆಂಕಿ ಮತ್ತು ಹತ್ತಿಯ ದೃಷ್ಟಾಂತ ಇದರಲ್ಲಿ ಪ್ರಸಿದ್ಧವಾದುದು. ಬೆಂಕಿ ತಾಗಿದಾಗ ಹತ್ತಿ ಉರಿಯುವುದನ್ನು ನಾವು ಕಾಣುತ್ತೇವೆ. ಆದರೆ ಬೆಂಕಿಯೇ ಉರಿಸಿತು, ಉರಿಸಲೇಬೇಕಾಗಿತ್ತು ಎಂಬುದನ್ನು ನಾವು ಕಾಣಲಿಲ್ಲ. ಒಂದರ ಜೊತೆ ಇನ್ನೊಂದು ಬರುವುದನ್ನು ಕಂಡು ಅಭ್ಯಾಸಬಲದಿಂದ ಅವಶ್ಯಸಂಬಂಧವನ್ನು ಊಹಿಸಿಕೊಂಡೆವು ಎನ್ನುತ್ತಾರೆ. ಕಾರ್ಯಕಾರಣಗಳ ಕುರಿತು ಇದಕ್ಕೆ ಸಮೀಪದ ಸಂದೇಹವನ್ನು ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಎತ್ತಿದುದನ್ನು ತತ್ತ್ವಶಾಸ್ತ್ರ ಓದಿದವರು ಬಲ್ಲರು. ಆದರೆ ಹ್ಯೂಮನ ಗುರಿ ಬೇರೆ. ಗಜಾಲಿಯವರ ಗುರಿ ಎಲ್ಲ ಕಾರ್ಯಗಳ ಹಿಂದೆ ದೈವಸಂಕಲ್ಪವಿದೆಯೆಂದು ತೋರಿಸುವುದು.

ಇಲ್ಲಿ ಒಂದು ವಿಷಯವನ್ನು ಮರೆಮಾಡದೆ ಹೇಳಬೇಕು. ಲೋಕ ಅನಾದಿ ಎಂಬುದು, ದೇವರ ಅರಿವು ಸಾಮಾನ್ಯಗಳನ್ನು ಮಾತ್ರ ಕುರಿತದ್ದು ಎಂಬುದು, ಶರೀರ ಸಮೇತ ಪುನರುತ್ಥಾನವಿಲ್ಲ ಎಂಬುದು: ಈ ಮೂರು ಮತಗಳನ್ನು ಹಿಡಿದವರು ಧರ್ಮಬಾಹಿರರೆಂದೂ ಮರಣದಂಡನೆಗೆ ಅರ್ಹರೆಂದೂ ಅವರು ಗ್ರಂಥದ ಕೊನೆಯಲ್ಲಿ ತೀರ್ಪು ಕೊಟ್ಟರು. ವಾದದಲ್ಲಿ ಗೆಲ್ಲುವುದು ಬೇರೆ, ಎದುರಾಳಿಯ ತಲೆಯ ಮೇಲೆ ಕತ್ತಿ ತೂಗಬಿಡುವುದು ಬೇರೆ. ಈ ತೀರ್ಪನ್ನು ನಾವು ಒಪ್ಪಲಾರೆವು. ಮುಂದೆ 'ಫೈಸಲುತ್ತಫ್ರಿಖಾ' ಎಂಬ ಗ್ರಂಥದಲ್ಲಿ, ಭಿನ್ನಾಭಿಪ್ರಾಯವುಳ್ಳವನನ್ನೆಲ್ಲ ಅವಿಶ್ವಾಸಿಯೆಂದು ಕರೆಯುವ ಆತುರವನ್ನು ಅವರೇ ಖಂಡಿಸಿದರು. ಇಸ್ಲಾಮಿನ ಸಂದೇಶ ಸರಿಯಾಗಿ ತಲಪದ ದೂರದ ಜನಾಂಗಗಳು ದೇವರ ಕರುಣೆಗೆ ಹೊರತಲ್ಲವೆಂದೂ ಬರೆದರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಮನುಷ್ಯ ಪೂರ್ಣವಾಗಿ ಕಾಣುವನು.

ನಾಲಗೆ ಕಟ್ಟಿದ ದಿನಗಳು

ಕೀರ್ತಿಯ ಶಿಖರದಲ್ಲಿದ್ದಾಗಲೇ ಒಳಗೆ ಬಿರುಕು ಕಾಣಿಸಿತು. 'ಅಲ್ ಮುನ್‌ಖಿದ್ ಮಿನದ್ದಲಾಲ್', ಅಂದರೆ ಭ್ರಾಂತಿಯಿಂದ ಬಿಡಿಸುವಂತಹುದು, ಎಂಬ ಆತ್ಮಕಥನರೂಪದ ಚಿಕ್ಕ ಗ್ರಂಥದಲ್ಲಿ ಅವರು ಇದನ್ನು ವಿವರಿಸಿದ್ದಾರೆ. ನಿಶ್ಚಿತ ಜ್ಞಾನವೆಂದರೆ ಏನು ಎಂಬುದು ಅವರ ಮೊದಲ ಪ್ರಶ್ನೆ. ಮೂರಕ್ಕಿಂತ ಹತ್ತು ದೊಡ್ಡದೆಂದು ನಾನು ಬಲ್ಲೆ. ಒಬ್ಬನು ಬಂದು ಇಲ್ಲ, ಮೂರೇ ದೊಡ್ಡದು ಎಂದು ಹೇಳಿ, ಅದಕ್ಕೆ ಸಾಕ್ಷಿಯಾಗಿ ಕೋಲನ್ನು ಹಾವು ಮಾಡಿ ತೋರಿಸಿದರೆ ನನಗೆ ಅವನ ಕೈಚಳಕದಲ್ಲಿ ಆಶ್ಚರ್ಯವಾದೀತೇ ಹೊರತು ನನ್ನ ಅರಿವಿನಲ್ಲಿ ಸಂದೇಹ ಹುಟ್ಟದು ಎಂಬುದು ಅವರ ಮಾತಿನ ಭಾವ. ಇಂತಹ ದೃಢತೆ ಇಂದ್ರಿಯಗಳಿಗೆ ಇದೆಯೇ? ನಿಂತಂತೆ ತೋರುವ ನೆರಳು ಚಲಿಸುತ್ತಿರುತ್ತದೆ. ನಾಣ್ಯದಷ್ಟು ಕಾಣುವ ನಕ್ಷತ್ರ ಭೂಮಿಗಿಂತ ದೊಡ್ಡದೆಂದು ಗಣಿತ ಹೇಳುತ್ತದೆ. ಇಂದ್ರಿಯಗಳನ್ನು ಬುದ್ಧಿ ಸುಳ್ಳು ಮಾಡಿದಂತೆ ಬುದ್ಧಿಯನ್ನೂ ಸುಳ್ಳು ಮಾಡುವ ಮೇಲಿನ ನ್ಯಾಯಾಧೀಶನೊಬ್ಬ ಇರಬಾರದೇಕೆ? ಈ ಸಂದೇಹರೋಗ ಸುಮಾರು ಎರಡು ತಿಂಗಳು ಅವರನ್ನು ಹಿಡಿದಿತ್ತು. ಅದು ತರ್ಕದಿಂದ ವಾಸಿಯಾಗಲಿಲ್ಲ. ದೇವರು ಹೃದಯದಲ್ಲಿ ಹಾಕಿದ ಬೆಳಕಿನಿಂದ ವಾಸಿಯಾಯಿತು ಎಂದು ಬರೆಯುತ್ತಾರೆ.

ಬಗ್ದಾದಿನ ಬಿಕ್ಕಟ್ಟು ಇದಕ್ಕಿಂತ ಬೇರೆಯಾದುದು. ಅದು ಜ್ಞಾನದ ಸಂದೇಹವಲ್ಲ, ನಡತೆಯ ಸಂದೇಹ. ಸತ್ಯವನ್ನರಸುವ ನಾಲ್ಕು ಪಂಥಗಳನ್ನು ಅವರು ಶೋಧಿಸಿದ್ದರು: ಮತಮೀಮಾಂಸಕರು, ತತ್ತ್ವಜ್ಞಾನಿಗಳು, ಗುಪ್ತೋಪದೇಶವನ್ನು ನಂಬಿದ ಬಾತಿನೀ ಪಂಥದವರು, ಮತ್ತು ಸೂಫಿಗಳು. ಸೂಫಿಗಳ ಗ್ರಂಥಗಳನ್ನು ಓದಿದಾಗ, ಅಲ್ಲಿ ಓದಿ ತಿಳಿಯಬಹುದಾದುದೆಲ್ಲ ತಿಳಿದಾಯಿತು, ಇನ್ನುಳಿದದ್ದು ನಡೆದು ತಿಳಿಯಬೇಕಾದುದು ಎಂದು ಅವರಿಗೆ ಹೊಳೆಯಿತು. ಆರೋಗ್ಯದ ಲಕ್ಷಣವನ್ನು ಹೇಳಬಲ್ಲ ವೈದ್ಯ ತಾನೇ ರೋಗಿಯಾಗಿರಬಹುದಲ್ಲವೆ? ಆಗ ಅವರು ತಮ್ಮ ಉಪಾಧ್ಯಾಯ ವೃತ್ತಿಯನ್ನೇ ಪರೀಕ್ಷಿಸಿಕೊಂಡರು. ಈ ಪಾಠವೆಲ್ಲ ಯಾರಿಗಾಗಿ? ದೇವರಿಗಾಗಿಯೂ ಅಲ್ಲ, ವಿದ್ಯಾರ್ಥಿಗಳಿಗಾಗಿಯೂ ಅಲ್ಲ. ಸ್ಥಾನಕ್ಕಾಗಿ, ಹೆಸರಿಗಾಗಿ ಎಂಬ ಉತ್ತರ ಬಂದಿತು.

೧೦೯೫ರ ಮಧ್ಯಭಾಗದಿಂದ ಸುಮಾರು ಆರು ತಿಂಗಳು ಅವರು ಹೋಗಲೋ ಇರಲೋ ಎಂದು ತೊಳಲಿದರು. ಬೆಳಿಗ್ಗೆ ಮಾಡಿದ ನಿಶ್ಚಯ ಸಂಜೆಗೆ ಕರಗುತ್ತಿತ್ತು. ಕೊನೆಗೆ ನಾಲಗೆಯೇ ಕಟ್ಟಿಹೋಯಿತು. ಬಂದ ಶಿಷ್ಯರನ್ನು ತೃಪ್ತಿಪಡಿಸಲೆಂದು ಒಂದು ದಿನವಾದರೂ ಪಾಠ ಹೇಳೋಣವೆಂದರೆ ಒಂದು ಮಾತೂ ಹೊರಡುತ್ತಿರಲಿಲ್ಲ. ಅನ್ನ ಇಳಿಯದಾಯಿತು, ನೀರು ಸಹ ಸೇರದಾಯಿತು. ವೈದ್ಯರು, ಇದು ಮನಸ್ಸಿನಿಂದ ಮೈಗೆ ಇಳಿದ ರೋಗ, ಚಿಂತೆ ನೀಗದೆ ಮದ್ದು ನಾಟದು ಎಂದು ಕೈಚೆಲ್ಲಿದರು. ಪಾಠ ಹೇಳಿ ಹೊಟ್ಟೆ ಹೊರೆಯುವ ನಾವು ಈ ಭಾಗವನ್ನು ಓದುವಾಗ ಸುಮ್ಮನೆ ಕಥೆಯೆಂದು ಓದಿ ಮುಗಿಸುವಂತಿಲ್ಲ.

ಯಾತ್ರೆ ಮತ್ತು ಮಹಾಗ್ರಂಥ

೧೦೯೫ರ ನವೆಂಬರಿನಲ್ಲಿ, ಮಕ್ಕಾ ಯಾತ್ರೆಗೆಂದು ಹೇಳಿ ಅವರು ಬಗ್ದಾದನ್ನು ಬಿಟ್ಟರು. ಹೆಂಡಿರುಮಕ್ಕಳ ಪೋಷಣೆಗೆ ಬೇಕಾದಷ್ಟನ್ನು ಇರಿಸಿ ಉಳಿದ ಸಂಪತ್ತನ್ನು ಹಂಚಿಬಿಟ್ಟರು. ತಮ್ಮನಾದ ಅಹ್ಮದ್ ಗಜಾಲಿಯವರು ಕೆಲಕಾಲ ಆ ಪೀಠದಲ್ಲಿ ಪಾಠ ಹೇಳಿದರು. ಗಜಾಲಿಯವರು ಹೋದದ್ದು ದಮಾಸ್ಕಸ್ಸಿಗೆ. ಅಲ್ಲಿಯ ದೊಡ್ಡ ಮಸೀದಿಯ ಮಿನಾರನ್ನು ಏರಿ, ಬಾಗಿಲು ಹಾಕಿಕೊಂಡು, ಹಗಲೆಲ್ಲ ಏಕಾಂತದಲ್ಲಿರುತ್ತಿದ್ದರು. ಅಲ್ಲಿಂದ ಜೆರೂಸಲೇಮಿಗೂ ಹೆಬ್ರಾನಿಗೂ ಹೋದರು. ಹೆಬ್ರಾನಿನಲ್ಲಿ ಅಬ್ರಹಾಮನ ಸಮಾಧಿಯ ಮುಂದೆ ನಿಂತು ಮೂರು ವ್ರತಗಳನ್ನು ತೊಟ್ಟರು: ಇನ್ನು ಮೇಲೆ ಅರಸರ ಬಳಿಗೆ ಹೋಗುವುದಿಲ್ಲ, ಅರಸರ ಹಣ ಮುಟ್ಟುವುದಿಲ್ಲ, ಗೆಲುವಿಗಾಗಿ ವಾದ ಮಾಡುವುದಿಲ್ಲ. ಮಕ್ಕಾ ಯಾತ್ರೆಯನ್ನು ಮುಗಿಸಿ, ೧೦೯೭ರಲ್ಲಿ ಬಗ್ದಾದಿನ ಮೂಲಕ ತೂಸಿಗೆ ಹಿಂತಿರುಗಿದರು.

ಈ ಏಕಾಂತದ ವರ್ಷಗಳ ಫಲ 'ಇಹ್ಯಾ ಉಲೂಮುದ್ದೀನ್', ಅಂದರೆ ಧರ್ಮವಿದ್ಯೆಗಳ ಪುನರುಜ್ಜೀವನ. ಹತ್ತು ಹತ್ತು ಪ್ರಕರಣಗಳ ನಾಲ್ಕು ಭಾಗಗಳು, ಒಟ್ಟು ನಲವತ್ತು ಪ್ರಕರಣಗಳು. ಆರಾಧನೆ, ದೈನಂದಿನ ನಡವಳಿಕೆ, ಕೆಡಿಸುವ ಗುಣಗಳು, ಕಾಪಾಡುವ ಗುಣಗಳು ಎಂದು ಅದರ ವಿಭಾಗ. ಊಟ, ಮದುವೆ, ಸಂಪಾದನೆ, ಪ್ರಯಾಣ, ಕೋಪ, ಮತ್ಸರ, ತಾಳ್ಮೆ, ಕೃತಜ್ಞತೆ, ಮರಣ, ಹೀಗೆ ಮನುಷ್ಯಜೀವನದ ಯಾವ ಮೂಲೆಯನ್ನೂ ಅದು ಬಿಟ್ಟಿಲ್ಲ.

ನಲವತ್ತರಲ್ಲಿ ಮೊದಲನೆಯ ಪ್ರಕರಣವೇ ವಿದ್ಯೆಯನ್ನು ಕುರಿತದ್ದು. ಅಲ್ಲಿ ತಮ್ಮ ಕಾಲದ ಪಂಡಿತರನ್ನು ಅವರು ಕಠೋರವಾಗಿ ವಿಮರ್ಶಿಸಿದ್ದಾರೆ. ಎಷ್ಟೋ ಊರುಗಳಲ್ಲಿ ಮುಸಲ್ಮಾನ ವೈದ್ಯನೇ ಇಲ್ಲ. ಅನ್ಯಧರ್ಮೀಯ ವೈದ್ಯರ ಬಳಿಗೇ ಜನ ಹೋಗಬೇಕಾಗಿದೆ. ಆದರೂ ವೈದ್ಯ ಕಲಿಯುವವರಿಲ್ಲ, ಎಲ್ಲರೂ ಧರ್ಮಶಾಸ್ತ್ರಕ್ಕೇ ಮುಗಿಬೀಳುತ್ತಾರೆ. ಏಕೆ? ವೈದ್ಯದಿಂದ ದತ್ತಿಗಳ ಆಡಳಿತ ಸಿಕ್ಕದು, ಅನಾಥರ ಆಸ್ತಿಯ ಮೇಲ್ವಿಚಾರಣೆ ಸಿಕ್ಕದು, ನ್ಯಾಯಾಧೀಶನ ಪೀಠ ಸಿಕ್ಕದು ಎಂದು ಅವರು ಕಾರಣ ಕೊಡುತ್ತಾರೆ. ವೈದ್ಯ, ಗಣಿತ ಮೊದಲಾದುವನ್ನು ಸಮಾಜದಲ್ಲಿ ಕೆಲವರಾದರೂ ಕಲಿಯಲೇಬೇಕು, ಯಾರೂ ಕಲಿಯದಿದ್ದರೆ ದೋಷ ಎಲ್ಲರಿಗೂ ತಟ್ಟುವುದೆಂಬುದು ಅವರ ನಿರ್ಣಯ.

ಉಪಾಧ್ಯಾಯ ಧರ್ಮ

ಅದೇ ಪ್ರಕರಣದಲ್ಲಿ ಉಪಾಧ್ಯಾಯನ ಎಂಟು ಕರ್ತವ್ಯಗಳನ್ನು ಅವರು ಎಣಿಸಿದ್ದಾರೆ. ಅವುಗಳ ಸಾರವನ್ನು ನಮ್ಮ ಮಾತಿನಲ್ಲಿ ಹೀಗೆ ಸಂಗ್ರಹಿಸಬಹುದು. ಒಂದನೆಯದು, ಶಿಷ್ಯರನ್ನು ಸ್ವಂತ ಮಕ್ಕಳಂತೆ ಕಾಣುವುದು. ಎರಡನೆಯದು, ಕಲಿಸಿದ್ದಕ್ಕೆ ಪ್ರತಿಫಲವನ್ನಾಗಲಿ ಕೃತಜ್ಞತೆಯನ್ನಾಗಲಿ ನಿರೀಕ್ಷಿಸದಿರುವುದು. ಮೂರನೆಯದು, ಶಿಷ್ಯನು ಅರ್ಹನಾಗುವ ಮುಂಚೆ ಮೇಲಿನ ಮೆಟ್ಟಲಿಗೆ ಹಾರದಂತೆ ಹಿತ ಹೇಳುವುದು. ನಾಲ್ಕನೆಯದು, ತಪ್ಪು ಕಂಡಾಗ ಬಹಿರಂಗವಾಗಿ ಹಳಿಯದೆ ಸೂಚನೆಯಿಂದ ತಿದ್ದುವುದು. ಬಹಿರಂಗದ ನಿಂದೆ ಶಿಷ್ಯನಲ್ಲಿ ಹಟವನ್ನು ಬೆಳೆಸುತ್ತದೆ. ಐದನೆಯದು, ತಾನು ಕಲಿಸುವ ವಿಷಯವನ್ನು ಮೇಲೆತ್ತಲು ಇತರರು ಕಲಿಸುವ ವಿಷಯಗಳನ್ನು ಶಿಷ್ಯರ ಎದುರು ಹೀನೈಸದಿರುವುದು. ಆರನೆಯದು, ಶಿಷ್ಯನ ಗ್ರಹಣಶಕ್ತಿಯ ಅಳತೆಗೆ ಪಾಠವನ್ನು ಹೊಂದಿಸುವುದು. ಏಳನೆಯದು, ಮಂದಬುದ್ಧಿಯವನಿಗೆ ತಿಳಿಯಾದುದನ್ನೇ ಕಲಿಸುವುದು, ಮತ್ತು ಇದರ ಹಿಂದೆ ನಿನಗೆ ತಿಳಿಯಲಾರದ್ದು ಬಹಳವಿದೆ ಎಂದು ಹೇಳಿ ಅವನ ಉತ್ಸಾಹವನ್ನು ಕೆಡಿಸದಿರುವುದು. ಎಂಟನೆಯದು, ತಾನು ಕಲಿಸಿದಂತೆ ತಾನು ನಡೆಯುವುದು.

ಇವುಗಳಲ್ಲಿ ಎರಡನೆಯದನ್ನು ಈ ಕಾಲಕ್ಕೆ ಅಕ್ಷರಶಃ ಅನ್ವಯಿಸಲಾಗದು. ಸಂಬಳವಿಲ್ಲದೆ ಉಪಾಧ್ಯಾಯನ ಮನೆಯಲ್ಲಿ ಒಲೆ ಉರಿಯದು; ಗಜಾಲಿಯವರೂ ಮಕ್ಕಳ ಪೋಷಣೆಗೆಂದು ಹಣ ಇಟ್ಟೇ ಹೊರಟವರು. ಆದರೆ ಐದನೆಯದನ್ನೂ ಏಳನೆಯದನ್ನೂ ಪ್ರತಿಯೊಂದು ಶಾಲೆಯ ಉಪಾಧ್ಯಾಯರ ಕೊಠಡಿಯಲ್ಲಿ ಬರೆದು ತೂಗಹಾಕಬಹುದು. ಗಣಿತದವರು ಭಾಷೆಯವರನ್ನೂ, ಭಾಷೆಯವರು ಮಿಕ್ಕವರನ್ನೂ ಮಕ್ಕಳ ಮುಂದೆ ಹಗುರಮಾಡಿ ಆಡುವ ರೋಗ ಒಂಬೈನೂರು ವರ್ಷಗಳ ಹಿಂದೆಯೂ ಇದ್ದಿತೆಂದು ಇದರಿಂದ ತಿಳಿಯುತ್ತದೆ.

ಇದೇ ಗ್ರಂಥದ ಇನ್ನೊಂದು ಪ್ರಕರಣದಲ್ಲಿ ಮಕ್ಕಳ ಶಿಕ್ಷಣದ ಮಾತು ಬರುತ್ತದೆ. ಮಗುವಿನ ಹೃದಯ ಯಾವ ಚಿತ್ರವೂ ಕೆತ್ತದ ರತ್ನದಂತೆ. ಕೆತ್ತಿದ್ದನ್ನು ಅದು ತಾಳುತ್ತದೆ. ಪಾಠಶಾಲೆಯಿಂದ ಬಂದ ಮೇಲೆ ಮಗುವನ್ನು ಆಟಕ್ಕೆ ಬಿಡಬೇಕು. ಆಟವಿಲ್ಲದೆ ಸದಾ ಓದಿಗೇ ದೂಡಿದರೆ ಅದರ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ, ಕೊನೆಗೆ ಓದಿನಿಂದ ತಪ್ಪಿಸಿಕೊಳ್ಳಲು ಉಪಾಯಗಳನ್ನು ಹುಡುಕುತ್ತದೆ ಎಂದು ಅವರು ಎಚ್ಚರಿಸಿದ್ದಾರೆ. ಬೆಳಗಿನ ಮದ್ರಸ, ಹಗಲಿನ ಶಾಲೆ, ಸಂಜೆಯ ಮನೆಪಾಠ ಇವುಗಳ ನಡುವೆ ಸಿಕ್ಕಿದ ನಮ್ಮ ಮಕ್ಕಳ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ನಾವು ತರಲಾರೆವು.

ಪಂಡಿತರ ನುಡಿ, ಮನೆಯ ನುಡಿ

ಗಡಿನಾಡಿನ ಶಿಕ್ಷಕರಾದ ನಮಗೆ ವಿಶೇಷವಾಗಿ ತೋರಬೇಕಾದ ಸಂಗತಿ ಇನ್ನೊಂದಿದೆ. ಗಜಾಲಿಯವರ ಕಾಲದ ಪಂಡಿತಭಾಷೆ ಅರಬ್ಬಿ. ಅವರ ಮುಖ್ಯ ಗ್ರಂಥಗಳೆಲ್ಲ ಅದರಲ್ಲಿಯೇ ಇವೆ. ಆದರೆ ಅವರ ಮನೆಮಾತು ಪಾರಸಿ. ತೂಸಿಗೆ ಹಿಂತಿರುಗಿದ ಮೇಲೆ ಅವರು 'ಇಹ್ಯಾ'ದ ಸಾರವನ್ನು 'ಕೀಮಿಯಾ-ಎ-ಸಆದತ್', ಎಂದರೆ ಆನಂದದ ರಸವಿದ್ಯೆ, ಎಂಬ ಹೆಸರಿನಲ್ಲಿ ಪಾರಸಿಯಲ್ಲಿ ಬರೆದರು. ಅರಬ್ಬಿ ತಿಳಿಯದ ಸಾಮಾನ್ಯ ಜನರಿಗೆ ಅರ್ಥವಾಗಬೇಕೆಂಬುದೇ ಅದರ ಉದ್ದೇಶ. ಕಠಿಣವಾದ ವಾದಗಳನ್ನು ಅಲ್ಲಿ ಬಿಟ್ಟು, ಬಳಕೆಯ ಮಾತಿನಲ್ಲಿ ಹೇಳಿದರು. ಅದು ಪಾರಸಿ ಗದ್ಯದ ಶ್ರೇಷ್ಠ ಕೃತಿಗಳಲ್ಲಿ ಒಂದಾಗಿ ನಿಂತಿತು. ವಿದ್ಯೆಗೆ ಒಂದು ಭಾಷೆ, ಅಧಿಕಾರಕ್ಕೆ ಒಂದು ಭಾಷೆ, ಒಲೆಯ ಮುಂದೆ ಒಂದು ಭಾಷೆ ಎಂಬ ಸ್ಥಿತಿಯಲ್ಲಿ ಬಾಳುವ ನಮಗೆ, ಮನೆಯ ಮಾತಿನಲ್ಲಿ ಹೇಳಿದರೆ ವಿದ್ಯೆ ಕಿರಿದಾಗುವುದಿಲ್ಲವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಮತ್ತೆ ಪಾಠ

ಹನ್ನೊಂದು ವರ್ಷಗಳ ನಿವೃತ್ತಿಯ ಅನಂತರ, ೧೧೦೬ರಲ್ಲಿ, ನಿಜಾಮುಲ್ ಮುಲ್ಕನ ಮಗನಾದ ಫಖ್ರುಲ್ ಮುಲ್ಕನು ಒತ್ತಾಯಮಾಡಿ ಅವರನ್ನು ನೀಷಾಪುರದ ನಿಜಾಮಿಯಾಕ್ಕೆ ಕರೆತಂದನು. ಅರಸರಿಂದ ದೂರವಿರುವ ವ್ರತಕ್ಕೆ ಇದು ಭಂಗವಲ್ಲವೆ ಎಂದು ಆಗಲೂ ಜನ ಆಡಿಕೊಂಡಿರಬೇಕು. ಅದಕ್ಕೆ ಉತ್ತರವೆಂಬಂತೆ ಅವರು ಬರೆದಿದ್ದಾರೆ: ಹಿಂದೆ ನಾನು ಕಲಿಸುತ್ತಿದ್ದುದು ಸ್ಥಾನಮಾನ ಗಳಿಸಿಕೊಡುವ ವಿದ್ಯೆ, ಈಗ ಕಲಿಸುವುದು ಸ್ಥಾನಮಾನ ಬಿಡಿಸುವ ವಿದ್ಯೆ, ಆದ್ದರಿಂದ ನಾನು ಹಿಂದಿನದಕ್ಕೆ ಮರಳಿದೆನೆಂದು ಹೇಳಲಾಗದು ಎಂಬುದು ಅದರ ತಾತ್ಪರ್ಯ. ಈ ಸಮಾಧಾನ ಎಲ್ಲರಿಗೂ ಒಪ್ಪಿಗೆಯಾಗದಿರಬಹುದು. ಆದರೆ ತನ್ನ ಮೇಲಿನ ಆಕ್ಷೇಪವನ್ನು ತಾನೇ ಎತ್ತಿ ಬರೆಯುವ ಪ್ರಾಮಾಣಿಕತೆ ಅದರಲ್ಲಿದೆ.

ಕೆಲಕಾಲದ ಮೇಲೆ ಅವರು ಆ ಪೀಠವನ್ನೂ ಬಿಟ್ಟು ತೂಸಿಗೆ ಹೋದರು. ಮನೆಯ ಬಳಿಯಲ್ಲೇ ವಿದ್ಯಾರ್ಥಿಗಳಿಗೊಂದು ಪಾಠಶಾಲೆ, ಸೂಫಿಗಳಿಗೊಂದು ಆಶ್ರಮ ಇಟ್ಟುಕೊಂಡು ಉಳಿದ ಆಯುಷ್ಯವನ್ನು ಕಳೆದರು. ಹಳೆಯ ಶಿಷ್ಯನೊಬ್ಬನು, ಇಷ್ಟೆಲ್ಲ ಓದಿದೆ, ಇದರಲ್ಲಿ ನಾಳೆ ನನಗೆ ಒದಗುವುದು ಯಾವುದು ಎಂದು ಕೇಳಿದಾಗ ಅವರು ಬರೆದ ಉತ್ತರ 'ಅಯ್ಯುಹಲ್ ವಲದ್', ಎಂದರೆ ಮಗುವೇ, ಎಂಬ ಚಿಕ್ಕ ಪುಸ್ತಕ. ಆಚರಣೆಗೆ ಬಾರದ ವಿದ್ಯೆ ಹುಚ್ಚು, ವಿದ್ಯೆಯಿಲ್ಲದ ಆಚರಣೆ ವ್ಯರ್ಥ ಎಂಬುದು ಅದರ ತಿರುಳು. ೧೧೧೧ರ ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ, ಪ್ರಾರ್ಥನೆ ಮುಗಿಸಿ, ತಮ್ಮ ಶವವಸ್ತ್ರವನ್ನು ತರಿಸಿ ಕಣ್ಣಿಗೊತ್ತಿಕೊಂಡು, ಕಿಬ್ಲಾದ ಕಡೆಗೆ ಕಾಲು ಚಾಚಿ ಮಲಗಿ ಪ್ರಾಣಬಿಟ್ಟರೆಂದು ತಮ್ಮನ ಹೇಳಿಕೆಯಿಂದ ತಿಳಿದುಬರುತ್ತದೆ.

ಪ್ರಭಾವ ಮತ್ತು ಆಕ್ಷೇಪ

ಗಜಾಲಿಯವರ ಗ್ರಂಥಗಳ ಚರಿತ್ರೆ ಅವರ ಜೀವನದಷ್ಟೇ ಸ್ವಾರಸ್ಯವಾದುದು. ಅವರು ಬದುಕಿದ್ದಾಗಲೇ, ೧೧೦೯ರಲ್ಲಿ, ಸ್ಪೇನಿನ ಕಾರ್ಡೋಬಾದಲ್ಲಿ ಅಲ್ ಮೊರಾವಿದ್ ಅರಸನ ಆಜ್ಞೆಯಂತೆ 'ಇಹ್ಯಾ'ವನ್ನು ಸುಟ್ಟರು. ಅಲ್ಲಿಯ ಧರ್ಮಶಾಸ್ತ್ರಿಗಳಿಗೆ ಅದರ ಟೀಕೆ ಸಹ್ಯವಾಗಲಿಲ್ಲ. ಅದೇ ಕಾರ್ಡೋಬಾದಲ್ಲಿ ೧೧೨೬ರಲ್ಲಿ ಹುಟ್ಟಿದ ಇಬ್ನ್ ರುಷ್ದ್ ಎಂಬ ತತ್ತ್ವಜ್ಞಾನಿ, ಸುಮಾರು ೧೧೮೦ರಲ್ಲಿ 'ತಹಾಫುತುತ್ತಹಾಫುತ್', ಅಸಂಗತಿಯ ಅಸಂಗತಿ, ಎಂಬ ಗ್ರಂಥ ಬರೆದು ಗಜಾಲಿಯವರ ಖಂಡನೆಯನ್ನು ಒಂದೊಂದಾಗಿ ಖಂಡಿಸಿದರು. ೧೧೯೫ರಲ್ಲಿ ಅವರ ತತ್ತ್ವಗ್ರಂಥಗಳಿಗೂ ಬೆಂಕಿ ಬಿದ್ದಿತು, ಅವರೂ ಗಡೀಪಾರಾದರು. ವಾದಿ ಪ್ರತಿವಾದಿಗಳಿಬ್ಬರ ಗ್ರಂಥಗಳನ್ನೂ ಅಧಿಕಾರದ ಬೆಂಕಿ ಭೇದವಿಲ್ಲದೆ ಸುಟ್ಟಿತು. ಎರಡೂ ಉಳಿದು ನಮ್ಮ ಕಾಲಕ್ಕೆ ಬಂದಿರುವುದು ಓದುಗರ ಭಾಗ್ಯ.

'ಮಖಾಸಿದ್' ಹನ್ನೆರಡನೆಯ ಶತಮಾನದಲ್ಲಿಯೇ ಸ್ಪೇನಿನ ಟೊಲೆಡೊ ನಗರದಲ್ಲಿ ಲ್ಯಾಟಿನಿಗೆ ಅನುವಾದವಾಯಿತು. ಖಂಡಿಸುವ ಮುನ್ನ ವಿವರಿಸುತ್ತೇನೆ ಎಂದು ಹೇಳುವ ಪೀಠಿಕೆ ಹೆಚ್ಚಿನ ಪ್ರತಿಗಳಲ್ಲಿ ಇರಲಿಲ್ಲ. ಆದಕಾರಣ ಯೂರೋಪಿನ ಪಂಡಿತರು ಬಹುಕಾಲ 'ಅಲ್ಗಜೆಲ್' ಎಂಬವನು ಇಬ್ನ್ ಸೀನಾರ ಅನುಯಾಯಿಯೆಂದೇ ಎಣಿಸಿದ್ದರು. ಪೀಠಿಕೆಯನ್ನು ಬಿಟ್ಟು ಪುಸ್ತಕ ಓದುವವರಿಗೆ ಇದೊಂದು ಪಾಠ.

ಗಜಾಲಿಯವರೊಬ್ಬರೇ ಮುಸಲ್ಮಾನ ಲೋಕದಲ್ಲಿ ತತ್ತ್ವಶಾಸ್ತ್ರವನ್ನೂ ವಿಜ್ಞಾನವನ್ನೂ ಕೊಂದರು ಎಂಬ ಮಾತು ಹತ್ತೊಂಬತ್ತನೆಯ ಶತಮಾನದಿಂದ ಪುಸ್ತಕದಿಂದ ಪುಸ್ತಕಕ್ಕೆ ನಡೆದು ಬಂದಿದೆ. ಇದನ್ನು ಕಾಲಾನುಕ್ರಮವೇ ಅಲ್ಲಗಳೆಯುತ್ತದೆ. ಅದೇ ತೂಸಿನಲ್ಲಿ ೧೨೦೧ರಲ್ಲಿ ಹುಟ್ಟಿದ ನಸೀರುದ್ದೀನ್ ತೂಸಿಯು ೧೨೫೯ರಲ್ಲಿ ಮರಾಘಾದ ಪ್ರಸಿದ್ಧ ವೀಕ್ಷಣಾಲಯವನ್ನು ಆರಂಭಿಸಿದನು. ಗಜಾಲಿಯವರು ಏಕಾಂತವಾಸ ಮಾಡಿದ ದಮಾಸ್ಕಸ್ಸಿನ ಆ ಮಸೀದಿಯಲ್ಲಿಯೇ, ಹದಿನಾಲ್ಕನೆಯ ಶತಮಾನದಲ್ಲಿ, ಇಬ್ನುಷ್ಷಾತಿರ್ ಎಂಬ ಜ್ಯೋತಿರ್ವಿದನು ಪ್ರಾರ್ಥನಾಕಾಲದ ನಿರ್ಣಾಯಕನಾಗಿದ್ದುಕೊಂಡು ಗ್ರಹಗತಿಯ ಹೊಸ ಗಣನೆಗಳನ್ನು ರಚಿಸಿದನು. ಸಮರ್ಕಂದದಲ್ಲಿ ಉಲೂಗ್ ಬೇಗನ ವೀಕ್ಷಣಾಲಯ ಎದ್ದುದು ಹದಿನೈದನೆಯ ಶತಮಾನದಲ್ಲಿ. ಗಜಾಲಿಯವರೂ ಗಣಿತಕ್ಕೆ ವೈರಿಯಾಗಿರಲಿಲ್ಲ. ಗ್ರಹಣದ ಕಾರಣವನ್ನು ಗಣಿತದಿಂದ ಸಿದ್ಧಪಡಿಸಿದ ಮೇಲೂ ಧರ್ಮದ ಹೆಸರಿನಲ್ಲಿ ಅದನ್ನು ಅಲ್ಲಗಳೆಯುವವನು ಧರ್ಮಕ್ಕೇ ಹಾನಿ ಮಾಡುತ್ತಾನೆಂದು 'ತಹಾಫುತ್'ನ ಪೀಠಿಕೆಯಲ್ಲಿ ಅವರು ಸ್ಪಷ್ಟವಾಗಿ ಹೇಳಿದ್ದಾರೆ. ತರ್ಕಶಾಸ್ತ್ರವನ್ನು ಮದ್ರಸದ ಪಾಠಕ್ರಮದೊಳಗೆ ತಂದವರಲ್ಲಿ ಅವರೇ ಮುಖ್ಯರು. ಆದರೆ, ಅವರ ಮರಣದಂಡನೆಯ ತೀರ್ಪು ಸ್ವತಂತ್ರ ವಿಚಾರಕ್ಕೆ ಭಯ ತರಲಿಲ್ಲವೆಂದೂ ನಾವು ಹೇಳಲಾರೆವು. ಕೊಂದರೆಂಬುದು ಅತಿಶಯೋಕ್ತಿ, ನಿರಪರಾಧಿಯೆಂಬುದು ಪಕ್ಷಪಾತ.

ಸಂಪ್ರದಾಯದ ಒಳಗಿನಿಂದಲೂ ಆಕ್ಷೇಪ ಬಂದಿದೆ. 'ಇಹ್ಯಾ'ದಲ್ಲಿ ಎತ್ತಿಕೊಂಡಿರುವ ಅನೇಕ ಹದೀಸುಗಳು ದುರ್ಬಲವಾದು ವೆಂದು ಪಂಡಿತರು ತೋರಿಸಿದರು. ೧೪೦೪ರ ಸುಮಾರಿಗೆ ತೀರಿಕೊಂಡ ಜೈನುದ್ದೀನ್ ಅಲ್ ಇರಾಖಿಯವರು ಅವನ್ನು ಒಂದೊಂದಾಗಿ ಶೋಧಿಸಿ ಗ್ರಂಥವನ್ನೇ ಬರೆದರು. ಪೂಜ್ಯ ಗ್ರಂಥವನ್ನೂ ಪರೀಕ್ಷೆಗೆ ಒಡ್ಡುವ ಈ ಪದ್ಧತಿ ಸಂಶೋಧಕರಿಗೆ ಮಾದರಿಯಾಗಿದೆ.

ನಮ್ಮ ಕಡಲ ಕರೆ

ಕೊನೆಯದಾಗಿ ನಮ್ಮ ಸೀಮೆಯ ಮಾತು. ಉತ್ತರ ಭಾರತದ ಮುಸಲ್ಮಾನರು ಬಹುಮಟ್ಟಿಗೆ ಹನಫೀ ಸಂಪ್ರದಾಯದವರು. ಭಟ್ಕಳದ ನವಾಯತರಿಂದ ಹಿಡಿದು ಕಾಸರಗೋಡು, ಮಲಬಾರುಗಳವರೆಗಿನ ಪಶ್ಚಿಮ ಕರಾವಳಿಯವರಾದರೋ ಹೆಚ್ಚಾಗಿ ಷಾಫೀ ಸಂಪ್ರದಾಯದವರು. ಅರಬ್ಬೀ ಸಮುದ್ರದ ವ್ಯಾಪಾರದ ನಂಟೇ ಇದಕ್ಕೆ ಕಾರಣ. ಗಜಾಲಿಯವರು ಆ ಷಾಫೀ ಶಾಸ್ತ್ರದ ಪ್ರಮುಖ ಆಚಾರ್ಯರಲ್ಲಿ ಒಬ್ಬರು. ಅವರ 'ವಜೀಜ್' ಎಂಬ ಸಂಗ್ರಹಕ್ಕೆ ರಾಫಿಯೀ ಎಂಬವರು ವ್ಯಾಖ್ಯಾನ ಬರೆದರು. ಆ ವ್ಯಾಖ್ಯಾನವನ್ನು ಹದಿಮೂರನೆಯ ಶತಮಾನದಲ್ಲಿ ದಮಾಸ್ಕಸ್ಸಿನ ನವವೀ ಎಂಬವರು ಸಂಕ್ಷೇಪಿಸಿದರು. ಆ ಪರಂಪರೆಯಲ್ಲಿಯೇ ಹದಿನಾರನೆಯ ಶತಮಾನದಲ್ಲಿ ಪೊನ್ನಾನಿಯ ಜೈನುದ್ದೀನ್ ಮಖ್ದೂಮರು 'ಫತ್‌ಹುಲ್ ಮುಈನ್' ಎಂಬ ಧರ್ಮಶಾಸ್ತ್ರಗ್ರಂಥವನ್ನು ರಚಿಸಿದರು. ಪೋರ್ಚುಗೀಸರ ಹಾವಳಿಯ ಚರಿತ್ರೆಯಾದ 'ತುಹ್ಫತುಲ್ ಮುಜಾಹಿದೀನ್' ಬರೆದವರೂ ಇವರೇ. ಅವರ ಆ ಶಾಸ್ತ್ರಗ್ರಂಥ ಕೇರಳದ ಮಸೀದಿ ಪಾಠಗಳಲ್ಲಿ ಇಂದಿಗೂ ನಡೆಯುತ್ತಿದೆ. ಕಡಲಾಚೆ ಇಂಡೋನೇಷ್ಯದಲ್ಲಿಯೂ ಅದನ್ನು ಓದುತ್ತಾರೆ. ಹೀಗೆ ನೋಡಿದರೆ ತೂಸಿನ ಆ ಬಡ ಬಾಲಕನಿಗೂ ನಮ್ಮ ಕಡಲ ಕರೆಯ ಓದುವ ಹುಡುಗನಿಗೂ ನಡುವೆ ಕಡಿಯದ ಒಂದು ಗುರುಪರಂಪರೆಯಿದೆ. ನಮ್ಮ ಸ್ಥಳೀಯ ಇತಿಹಾಸ ಬರೆಯುವವರು ದೇವಾಲಯದ ಶಾಸನಗಳನ್ನೂ ಬಸದಿಯ ತಾಳೆಗರಿಗಳನ್ನೂ ಶೋಧಿಸಿದಷ್ಟೇ ಶ್ರದ್ಧೆಯಿಂದ ಹಳೆಯ ಮಸೀದಿಗಳ ಗ್ರಂಥಭಂಡಾರಗಳನ್ನೂ ನೋಡಬೇಕೆಂದು ಇಲ್ಲಿ ಸೂಚಿಸುತ್ತೇವೆ.

ಗಜಾಲಿಯವರ ಮತದ ಎಲ್ಲ ಅಂಶಗಳನ್ನೂ ಒಪ್ಪಬೇಕಾದ ಅಗತ್ಯವಿಲ್ಲ. ಕೆಲವನ್ನು ಒಪ್ಪಲಾಗದೆಂದು ನಾವೇ ಹೇಳಿದ್ದೇವೆ. ಆದರೆ ಮುನ್ನೂರು ಶಿಷ್ಯರ ಮುಂದೆ ಕುಳಿತು, ನಾನು ಏಕೆ ಕಲಿಸುತ್ತಿದ್ದೇನೆ ಎಂಬ ಪ್ರಶ್ನೆಯನ್ನು ತನಗೇ ಹಾಕಿಕೊಂಡು, ಬಂದ ಉತ್ತರವನ್ನು ಮುಚ್ಚಿಡದೆ, ಅದಕ್ಕಾಗಿ ಪೀಠವನ್ನೇ ಬಿಟ್ಟ ಉಪಾಧ್ಯಾಯರು ಚರಿತ್ರೆಯಲ್ಲಿ ವಿರಳ. ನಮಗೆ ಪೀಠ ಬಿಟ್ಟು ಹೋಗುವ ಅನುಕೂಲವಿಲ್ಲ. ನಾಳೆ ಬೆಳಿಗ್ಗೆ ಗಂಟೆ ಬಾರಿಸಿದೊಡನೆ ತರಗತಿಗೆ ಹೋಗಲೇಬೇಕು. ಹೋಗುವ ಮುನ್ನ ಆ ಪ್ರಶ್ನೆಯನ್ನು ಒಮ್ಮೆ ಕೇಳಿಕೊಂಡು ಹೋದರೆ, ಅಷ್ಟರಮಟ್ಟಿಗೆ ಅವರ ಋಣವನ್ನು ನಾವು ತೀರಿಸಿದಂತಾಗುವುದು.